ಗಂಜಿ ಹಾಕಿದ ನೋಟುಗಳು

ಮೊದಲೇ ಹೇಳಿಬಿಡುತ್ತೇನೆ, ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ನಾವು ಹರಿಹರಕ್ಕೆ ಹೋದದ್ದು ಅರವತ್ತೊಂದರಲ್ಲೋ ಅರವತ್ತೆರಡರಲ್ಲೋ ಖಚಿತವಿಲ್ಲ. ಅವತ್ತು ನಾನು ಹಸಿರು ಸೀರೆ ಉಟ್ಟಿದ್ದೆ ಎಂದು ನನ್ನ ನೆನಪು. ಹಸಿರು ಸೀರೆ ನನಗೆ ಬಂದದ್ದೇ ಧಾರವಾಡಕ್ಕೆ ಎಂ.ಎ. ಓದಲು ಹೋಗುವಾಗ ಎಂದು ಅವ್ವ ಹೇಳುತ್ತಾಳೆ, ಅವಳ ಮಾತೇ ಸರಿಯಿರಬೇಕು. ದಿನಚರಿ ಬರೆಯುವ ಚಟ ನನಗೆ ಆಗಲೇ ಇತ್ತು. ಆದರೆ ಆ ದಿನದ ಪುಟದಲ್ಲಿರುವುದು ಇಷ್ಟೇ: 'ಚಿಕ್ಕಪ್ಪನ ಜೊತೆ ಹರಿಹರ. ಬಿಸಿಲು. ತಲೆನೋವು.' ಬರೆಯಬೇಕಾದ್ದನ್ನು ಬರೆಯದೆ ಬಿಟ್ಟೆ. ಈಗ ಎಲ್ಲವನ್ನೂ ನೆನಪಿನಿಂದಲೇ ಕೇಳಿ ತೆಗೆಯಬೇಕು, ಮತ್ತು ನನ್ನ ನೆನಪು ಯಾವಾಗಲೂ ನನ್ನ ಕಡೆಯೇ ಸಾಕ್ಷಿ ಹೇಳುತ್ತದೆ ಎಂಬುದು ನನಗೆ ಚೆನ್ನಾಗಿ ಗೊತ್ತು.

ಸಿಟ್ಟಿನ ವಿಷಯದಲ್ಲಿ ಮಾತ್ರ ಅನುಮಾನವಿಲ್ಲ. ಚಿಕ್ಕಪ್ಪನ ಮೇಲೆ ನನಗಿದ್ದ ಸಿಟ್ಟು ಇವತ್ತಿಗೂ ಹಾಗೇ ಇದೆ. ಅದನ್ನು ಇಳಿಸಿಕೊಳ್ಳಲು ಇದನ್ನು ಬರೆಯುತ್ತಿಲ್ಲ.

ನಮ್ಮೂರು ಭಾನುವಳ್ಳಿ. ಅಲ್ಲಿ ಓದುವಷ್ಟು ಓದಿದ ಮೇಲೆ, ಮುಂದಕ್ಕೆ ದಾವಣಗೆರೆಯಲ್ಲಿ ಓದಲಿ ಎಂದು ಅಪ್ಪ ನನ್ನನ್ನು ತನ್ನ ತಮ್ಮನ ಮನೆಗೆ ತಂದು ಬಿಟ್ಟ. ಚಿಕ್ಕಪ್ಪನದು ಮಂಡಿಪೇಟೆಯಲ್ಲಿ ಹತ್ತಿ ವೇಸ್ಟಿನ ಅಂಗಡಿ. ಗಿರಣಿಗಳಲ್ಲಿ ನೂಲು ತೆಗೆದ ಮೇಲೆ ಉಳಿಯುವ ಹತ್ತಿಯ ಕಸವನ್ನು ಮೂಟೆಗಟ್ಟಲೆ ಕೊಂಡು, ಗಾದಿ ಹೊಲಿಯುವವರಿಗೂ ಯಂತ್ರಗಳ ಎಣ್ಣೆ ಒರೆಸಲು ಬೇಕಾದವರಿಗೂ ಮಾರುವ ವ್ಯಾಪಾರ. ಕೆಳಗೆ ಅಂಗಡಿ, ಮೇಲೆ ಮನೆ. ಅವರಿಗೆ ಮಕ್ಕಳಿರಲಿಲ್ಲ. ಮನೆಯಲ್ಲಿ ಚಿಕ್ಕಪ್ಪ, ಚಿಕ್ಕಮ್ಮ, ನಾನು. ಮತ್ತೆ ಎಲ್ಲದರ ಮೇಲೂ ತೆಳ್ಳಗೆ ಕೂತ ಹತ್ತಿಯ ಧೂಳು.

ಸಂಜೆ ಅಂಗಡಿಯ ಗಲ್ಲಾಪೆಟ್ಟಿಗೆ ಮೇಲೆ ಬರುತ್ತಿತ್ತು. ಮಾರನೆಯ ದಿನ ಬ್ಯಾಂಕಿಗೆ ಹೋಗಬೇಕಾದ ನೋಟುಗಳನ್ನೆಲ್ಲ ಒಂದೇ ಮುಖಕ್ಕೆ ತಿರುಗಿಸಿ, ಹರಿದವನ್ನು ಬೇರೆ ತೆಗೆದು ಜೋಡಿಸುವ ಕೆಲಸ ನನ್ನ ಪಾಲಿಗೆ ಬಂತು.

"ಈ ಹುಡುಗಿ ಕಣ್ಣು ಚುರುಕೈತೆ. ಅಡಿಗಿ ಮನ್ಯಾಗೆ ಹಾಳಾಗೋದು ಬ್ಯಾಡ," ಎಂದ ಚಿಕ್ಕಪ್ಪ.

ಒಳಗೆ ರುಬ್ಬುತ್ತಿದ್ದ ಚಿಕ್ಕಮ್ಮ ಕಲ್ಲು ನಿಲ್ಲಿಸದೆಯೇ ಹೇಳಿದಳು: "ಹೌದ್ ಬಿಡ್ರಿ. ಹಾಳಾಗಾಕೆ ನಾನೊಬ್ಳು ಇದ್ದೀನಲ್ಲ."

ಅವನು ನಕ್ಕ. ನಾನೂ ನಕ್ಕೆ ಅಂತ ಕಾಣುತ್ತದೆ. ರುಬ್ಬುವ ಕೆಲಸದಿಂದ ತಪ್ಪಿಸಿಕೊಂಡ ಸಂತೋಷ ನನಗೆ.

ನೋಟುಗಳು ಎಲ್ಲಿಂದ ಬಂದವೆಂದು ಮೂಗಿಗೇ ತಿಳಿಯುತ್ತಿತ್ತು. ಮೆಣಸಿನಕಾಯಿ ಮಂಡಿ ಹೊಕ್ಕು ಬಂದ ನೋಟು ಸೀನು ತರಿಸುತ್ತಿತ್ತು. ಎಣ್ಣೆ ಗಿರಣಿಯ ನೋಟನ್ನು ದೀಪಕ್ಕೆ ಹಿಡಿದರೆ ನನ್ನ ಬೆರಳೇ ಆಚೆಗೆ ಕಾಣುತ್ತಿತ್ತು. ದೀಪಾವಳಿ ಕಳೆದ ಮೇಲೆ ಕೆಲವು ದಿನ ಎಲ್ಲ ನೋಟಿಗೂ ಅರಿಶಿನ ಕುಂಕುಮ. ನಾನು ಬಂದ ಹೊಸದರಲ್ಲಿ ಇಂಗ್ಲೆಂಡಿನ ರಾಜನ ತಲೆಯ ನೋಟುಗಳು ಇನ್ನೂ ಬರುತ್ತಿದ್ದವು. ಕೊಪ್ಪಳದ ಕಡೆಯ ವ್ಯಾಪಾರಿಗಳ ಕೈಯಲ್ಲಿ ಒಮ್ಮೊಮ್ಮೆ ನಿಜಾಮರ ನೋಟೂ ಬಂದದ್ದುಂಟು. ಮೇಲೆ ಉರ್ದು, ಒಂದು ಮೂಲೆಯಲ್ಲಿ ನಮ್ಮ ಕನ್ನಡವೂ ಇತ್ತು. ಇದ್ದೇ ಇತ್ತು ಎಂದು ಪ್ರಮಾಣ ಮಾಡಿ ಹೇಳಬಲ್ಲೆ, ಬೇರೆ ಯಾವುದಕ್ಕೆ ಅಲ್ಲದಿದ್ದರೂ.

ಹಳೆಯ ನೋಟು ಎತ್ತಿಡುವ ಹವ್ಯಾಸ ಮೊದಲು ಚಿಕ್ಕಪ್ಪನದೇ. ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಯಾವುದನ್ನು ಇಡಬೇಕು ಎಂಬುದಕ್ಕೆ ಅವನ ಹತ್ತಿರ ಇದ್ದದ್ದು ಒಂದೇ ತಕ್ಕಡಿ. "ಗರಿಗರಿ ಐತೇನು? ಇಡು. ಮೆತ್ತಗೈತೇನು? ಬ್ಯಾಂಕಿಗೆ ಹಾಕು." ನಂಬರಿನ ಕೊನೆಗೆ ಒಂದು ಬಂದರೆ ಶುಭ, ಅದೂ ಇರಲಿ. ಕುಂಕುಮ ಬಿದ್ದಿದ್ದರೆ ಲಕ್ಷ್ಮಿ, ಅದೂ ಇರಲಿ. ಹೀಗೆ ಕೂಡಿಟ್ಟದ್ದನ್ನೆಲ್ಲ ಒಂದು ದಿನ ಅವಸರ ಬಿದ್ದಾಗ ಮೂಟೆ ಹತ್ತಿಗೆ ಕೊಟ್ಟುಬಿಟ್ಟ, ಆಮೇಲೆ ಮರೆತ. ನಾನು ಮರೆಯಲಿಲ್ಲ.

ನನ್ನದು ಬೇರೆ ರೀತಿ. ಅಪ್ಪ ಭಾನುವಳ್ಳಿಯಿಂದ ಬಂದಾಗಲೆಲ್ಲ ಕೈಖರ್ಚಿಗೆ ಒಂದಿಷ್ಟು ಕೊಟ್ಟು ಹೋಗುತ್ತಿದ್ದ. ಗಲ್ಲಾದಲ್ಲಿ ನನಗೆ ಬೇಕೆನಿಸಿದ ನೋಟು ಕಂಡರೆ ಅಷ್ಟೇ ಬೆಲೆಯ ನನ್ನ ದುಡ್ಡು ಹಾಕಿ ಅದನ್ನು ತೆಗೆದುಕೊಳ್ಳುತ್ತಿದ್ದೆ, ಚಿಕ್ಕಪ್ಪನಿಗೆ ತೋರಿಸಿಯೇ. ಹೀಗಾಗಿ ಒಂದು ನೋಟು ಇಟ್ಟುಕೊಂಡರೆ ಒಂದು ರಿಬ್ಬನ್ ಇಲ್ಲ; ಎರಡು ರೂಪಾಯಿಯದಾದರೆ ಚಪ್ಪಲಿ ಇನ್ನಷ್ಟು ದಿನ ಹರಿದೇ ಇರಬೇಕು. ಆಸೆಪಟ್ಟದ್ದನ್ನೆಲ್ಲ ಇಡುವ ಹಾಗಿರಲಿಲ್ಲವಾದ್ದರಿಂದ ಆರಿಸುವುದನ್ನು ಕಲಿತೆ. ಇಂಥದು ಮುಂದಿನ ತಿಂಗಳೂ ಬರುತ್ತದೆಯೇ, ಎಂದು ಕೇಳಿಕೊಳ್ಳುತ್ತಿದ್ದೆ. ಬರುವುದಾದರೆ ಹೋಗಲಿ. ರಾಜನ ನೋಟು ವಾರಕ್ಕೆ ಹಲವು ಬರುತ್ತಿದ್ದಾಗ ಚಿಕ್ಕಪ್ಪ ಅವನ್ನು ಮುದ್ದು ಮಾಡಿದ, ನಾನು ಮುಟ್ಟಲಿಲ್ಲ. ಅವು ಬರುವುದು ಕಡಿಮೆಯಾದಾಗ ನಾನು ಕಣ್ಣಿಟ್ಟೆ, ಅಷ್ಟರಲ್ಲಿ ಅವನಿಗೆ ಬೇಸರ ಬಂದಿತ್ತು. ಆಮೇಲೆ ನೋಟಿನ ಮೈ ನೋಡುತ್ತಿದ್ದೆ. ಗರಿಗರಿ ಇದ್ದರೂ ಗುಂಡುಸೂಜಿ ಚುಚ್ಚಿ ಎಡಗಡೆ ಜರಡಿಯಾಗಿದ್ದರೆ ಬೇಡ. ಮೆತ್ತಗಾಗಿ, ಮಧ್ಯದಲ್ಲಿ ಒಂದೇ ಮಡಿಕೆ ಬಿದ್ದು, ನಾಲ್ಕು ಮೂಲೆಯೂ ಸರಿಯಿದ್ದರೆ ಬೇಕು. ಶಾಯಿಯಲ್ಲಿ ಯಾರದೋ ಲೆಕ್ಕ ಬರೆದಿದ್ದರೆ ಬೇಡ. ಅಂಟು ಹಚ್ಚಿದ್ದರಂತೂ ಬೇಡವೇ ಬೇಡ.

ಕಾಲೇಜು ಸೇರಿದ ಮೇಲೆ ಅಲ್ಲಿನ ವಾಚನಾಲಯದ ಒಂದು ಇಂಗ್ಲಿಷ್ ಮಾಸಪತ್ರಿಕೆಯಲ್ಲಿ ಹಳೆಯ ನೋಟು ಕೂಡಿಸುವವರಿಗೆಂದೇ ಬರೆದ ಲೇಖನ ಸಿಕ್ಕಿತು. ನಾನು ಕೈಯಿಂದ ಕಲಿತಿದ್ದೆಲ್ಲ ಅಲ್ಲಿ ಅಚ್ಚಾಗಿತ್ತು. ಗೊತ್ತಿಲ್ಲದ್ದು ಒಂದೇ: ನೋಟನ್ನು ತೊಳೆಯಬೇಡಿ, ಇಸ್ತ್ರಿ ಹಾಕಬೇಡಿ, ಹಾಗೆ ಮಾಡಿದ ನೋಟು ಸತ್ತ ಹಾಗೆ, ತಿಳಿದವರು ಮುಟ್ಟಿದ ಕೂಡಲೇ ಗುರುತು ಹಿಡಿಯುತ್ತಾರೆ. ನೋಟು ಎಷ್ಟೇ ಸವೆದಿರಲಿ, ಆ ಸವೆತ ಅದರದೇ ಆಗಿರಬೇಕು. ಅದನ್ನು ಓದಿದ ದಿನ ಒಂದು ಪರೀಕ್ಷೆ ಪಾಸಾದಷ್ಟು ಖುಷಿ ನನಗೆ.

ನನ್ನ ಬಿಸ್ಕತ್ತಿನ ಡಬ್ಬಿಯಲ್ಲಿದ್ದ ಅತ್ಯುತ್ತಮ ನೋಟು ಮಾತ್ರ ನಾನು ಕೊಂಡದ್ದಲ್ಲ, ಬೇರೆಯವರು ಕೊಟ್ಟದ್ದು. ನಮ್ಮಲ್ಲಿ ವೇಸ್ಟು ಒಯ್ಯುತ್ತಿದ್ದ ಗಾದಿ ಅಂಗಡಿಯ ಸಾಹೇಬರು ಒಂದು ದಿನ ಜೇಬಿನಿಂದ ಹತ್ತು ರೂಪಾಯಿಯ ನೋಟು ತೆಗೆದು ಗಲ್ಲಾದ ಮೇಲಿಟ್ಟರು. ಹಡಗಿನ ಚಿತ್ರ ಎಂದಿನ ಹತ್ತರದ್ದೇ, ಆದರೆ ಬಣ್ಣ ನೀಲಿ. ನೀಲಿ ಎಂದೇ ನೆನಪು. ಎರಡು ಬದಿಯಲ್ಲೂ ಇಂಗ್ಲಿಷಿನಲ್ಲಿ ಹಜ್ ಎಂದು ಅಚ್ಚಾಗಿತ್ತು.

"ಏನ್ ಸಾಹೇಬ್ರ, ಇದೆಂಥಾ ಆಟದ ನೋಟು ತಂದೀರಿ?" ಎಂದ ಚಿಕ್ಕಪ್ಪ.

"ಅಮ್ಮೀಜಾನ್ ಹಜ್‌ಗೆ ಹೋಗಿ ಬಂದ್ರಲ್ರಿ, ಒಂದು ಹಂಗೇ ಉಳಕಂಡೈತೆ. ಅಲ್ಲಿಗೆ ಹೋಗೋರಿಗೆ ಅಂತನೇ ಸರ್ಕಾರ ಮಾಡಿರೋ ನೋಟು. ಇಲ್ಲಿ ಬ್ಯಾಂಕಿನ್ಯಾಗೆ ಬ್ಯಾಡ ಅಂದ್ರು."

"ನಡೀದ ನೋಟು ನನಗೆ ಯಾಕ್ರಿ?"

"ನಿಮಗಲ್ಲ ಬಿಡ್ರಿ ಸಾವ್ಕಾರ್ರೆ. ಬೇಟಿಗೆ." ನನ್ನ ಕಡೆ ನೂಕಿದರು. "ಇಟ್ಕೋ ಬೇಟಿ. ಸಮುದ್ರ ದಾಟಿ ಹೋಗಿ ಬಂದಿರೋ ನೋಟು. ದುವಾ ಐತೆ ಅದ್ರಾಗೆ."

ನಾನು ಅದನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದೆ. ಒಂದೇ ಒಂದು ಮಡಿಕೆ. ಅವರ ತಾಯಿ ಅದನ್ನು ಯಾವುದೋ ಪುಸ್ತಕದ ನಡುವೆ ಇಟ್ಟಿರಬೇಕು. ಚಿಕ್ಕಪ್ಪ ನನ್ನ ಮುಖ ನೋಡಿ, ಅಂಗಡಿಯಲ್ಲಿದ್ದ ನಾಲ್ಕು ಜನಕ್ಕೆ ಕೇಳುವ ಹಾಗೆ ಹೇಳಿದ: "ನಡೀದ ನೋಟು, ಓದೋ ಹೆಣ್ಣು. ಎರಡೂ ಮನ್ಯಾಗೆ ಇಟ್ಕಂಡು ಏನ್ ಮಾಡಾದ್ರೀ?"

ಎಲ್ಲರೂ ನಕ್ಕರು. ಸಾಹೇಬರು ನಗಲಿಲ್ಲ ಎಂದು ನನ್ನ ನೆನಪು. ನಕ್ಕಿದ್ದರೂ ಇರಬಹುದು, ಅವರನ್ನು ನಾನು ಆಮೇಲೆ ಇಷ್ಟಪಟ್ಟದ್ದರಿಂದ ಅವರ ನಗೆಯನ್ನು ಅಳಿಸಿರಬಹುದು. ಚಿಕ್ಕಪ್ಪನ ಮಾತನ್ನಂತೂ ಒಂದಕ್ಷರ ಬಿಡದೆ ಹಾಗೇ ಇಟ್ಟುಕೊಂಡಿದ್ದೇನೆ.

ಅದೇ ಚಿಕ್ಕಪ್ಪ ಕೆಲವು ತಿಂಗಳ ಮೇಲೆ ನನ್ನ ಡಬ್ಬಿ ಕೇಳಿದ. ಹರಿಹರದ ಒಂದು ಕಾರ್ಖಾನೆಗೆ ಯಂತ್ರ ಒರೆಸುವ ವೇಸ್ಟು ಒದಗಿಸಬೇಕೆಂದು ಅವನಿಗೆ ಬಹಳ ದಿನಗಳ ಆಸೆ. ಅಲ್ಲಿ ಸಾಮಾನು ಕೊಳ್ಳುವ ಅಧಿಕಾರಿ ಪುಣೆ ಕಡೆಯವರು. ಅವರಿಗೆ ಹಳೆಯ ನೋಟಿನ ಹುಚ್ಚು ಎಂದು ಯಾರೋ ಕಿವಿಗೆ ಹಾಕಿದರು. ಇವನು ಹೋಗಿ, "ನನ್ನ ಹತ್ರನೂ ಕಲೆಕ್ಷನ್ ಐತ್ರಿ ಸಾರ್, ಇಪ್ಪತ್ತು ವರ್ಷದ್ದು," ಎಂದು ಹೇಳಿ ಬಂದಿದ್ದ. ಬರುವ ಭಾನುವಾರ ತನ್ನಿ, ನೋಡೋಣ ಎಂದಿದ್ದರಂತೆ.

"ಅವು ನನ್ನವು ಚಿಕ್ಕಪ್ಪ," ಎಂದೆ.

"ಯಾರ ಗಲ್ಲೆದಾಗ ಬಂದಿದ್ವು?"

"ನನ್ನ ದುಡ್ಡು ಹಾಕಿ ತಗಂಡೀನಿ. ನಿನಗೆ ತೋರ್ಸೇ ತಗಂಡೀನಿ."

"ನಿನ್ನ ದುಡ್ಡು!" ಅವನು ಚಿಕ್ಕಮ್ಮನ ಕಡೆ ತಿರುಗಿದ. "ಕೇಳ್ದೇನು? ಇಲ್ಲಿ ಉಣ್ಣೋದು, ಇಲ್ಲಿ ಮಲಗೋದು, ದುಡ್ಡು ಮಾತ್ರ ಈಕಿದಂತೆ."

"ಹೋಗ್ಲಿ, ನಾನು ಆರ್ಸಿದ್ದು ಅಂತನಾದ್ರೂ ಅವರಿಗೆ ಹೇಳು," ಎಂದೆ. ಈಗ ಯೋಚಿಸಿದರೆ ನನಗೆ ಬೇಕಾಗಿದ್ದದ್ದು ಅಷ್ಟೇ. ನೋಟುಗಳನ್ನು ಅವನು ಒಯ್ದು ತೋರಿಸಿ ತರಲಿ, ಬೇಕಾದರೆ ಕೊಟ್ಟೇ ಬರಲಿ. ತಿಳಿದವರೊಬ್ಬರು ಡಬ್ಬಿ ತೆರೆದು ನೋಡುವಾಗ, ಇವನ್ನು ಆರಿಸಿದ ಕಣ್ಣು ಯಾರದು ಎಂಬುದು ಅವರಿಗೆ ಗೊತ್ತಾಗಬೇಕಿತ್ತು.

"ಹೆಣ್ಣುಡುಗಿ ಆರ್ಸಿದ್ದು ಅಂದ್ರೆ ಯಾರು ಬೆಲೆ ಕೊಡ್ತಾರೆ, ದಡ್ಡಿ," ಎಂದು ಡಬ್ಬಿ ಎತ್ತಿಕೊಂಡ.

ಡಬ್ಬಿ ತೆರೆದವನಿಗೆ ನಿರಾಸೆಯಾಯಿತು. ಅವನ ಪ್ರಕಾರ ಎಲ್ಲವೂ ಮೆತ್ತಗಿನ ನೋಟುಗಳು. "ಇವನ್ನ ಹೆಂಗೆ ತೋರ್ಸಾದು, ಒರೆಸೋ ಬಟ್ಟಿ ಆಗ್ಯಾವೆ," ಎಂದು ಗೊಣಗಿ, ಚಿಕ್ಕಮ್ಮನಿಗೆ ಹೇಳಿದ: "ಹಬ್ಬಕ್ಕೆ ಮಾಡ್ತೀಯಲ್ಲ, ಹಂಗೆ ಮಾಡು."

ಇದನ್ನು ಸ್ವಲ್ಪ ವಿವರಿಸಬೇಕು. ದೀಪಾವಳಿಯ ಲಕ್ಷ್ಮೀಪೂಜೆಗೆ ಮಂಡಿಪೇಟೆಯ ಅಂಗಡಿಗಳಲ್ಲಿ ತಟ್ಟೆ ತುಂಬ ನೋಟು ಜೋಡಿಸುತ್ತಾರೆ, ಅವು ಹೊಸವಿರಬೇಕು. ಬ್ಯಾಂಕಿನಲ್ಲಿ ಹೊಸ ನೋಟು ಸಿಗದ ವರ್ಷ ಚಿಕ್ಕಮ್ಮ ಹಳೆಯ ನೋಟುಗಳನ್ನೇ ತಿಳಿ ಅಕ್ಕಿಗಂಜಿಯಲ್ಲಿ ಅದ್ದಿ, ನೆರಳಿನಲ್ಲಿ ಆರಿಸಿ, ಮೇಲೆ ಪಂಚೆ ಹಾಸಿ ಕೆಂಡದ ಇಸ್ತ್ರಿ ಎಳೆಯುತ್ತಿದ್ದಳು. ಬಟ್ಟೆಯ ಊರಿನ ಹೆಂಗಸಿಗೆ ಗಂಜಿಯ ಹದ ಹೇಳಿಕೊಡಬೇಕೇ? ನೋಟು ಕಡಕ್ಕಾಗಿ ಬರುತ್ತಿತ್ತು. ಅಕ್ಕಪಕ್ಕದ ಅಂಗಡಿಯವರೂ ತಮ್ಮ ನೋಟು ಕಳಿಸುತ್ತಿದ್ದರು. ಚಿಕ್ಕಮ್ಮನಿಗೆ ಆ ಪೇಟೆಯಲ್ಲಿ ಇದ್ದ ಒಂದೇ ಹೆಸರು ಅದು.

ನಾನು ಬಾಯಿ ತೆರೆದೆ. ಬೇಡ, ಸಾಯುತ್ತವೆ ಎಂದು ಹೇಳುವವಳಿದ್ದೆ. ಅದಕ್ಕೆ ಮೊದಲೇ ಚಿಕ್ಕಪ್ಪ, "ಏನು, ನಿನ್ನ ಕಾಲೇಜಿನ್ಯಾಗೆ ನೋಟಿಗೆ ಇಸ್ತ್ರಿ ಹೆಂಗೆ ಹಾಕ್ಬೇಕು ಅಂತನೂ ಹೇಳಿಕೊಟ್ಟಾರೇನು?" ಎಂದ.

ಬಾಯಿ ಮುಚ್ಚಿದೆ. ಆ ಗಳಿಗೆಯಲ್ಲಿ ನನ್ನ ಮನಸ್ಸು ಎಷ್ಟು ತಿಳಿಯಾಯಿತೆಂದರೆ, ಅಷ್ಟು ತಿಳಿಯಾಗಿ ನಾನು ಯಾವ ಪರೀಕ್ಷೆಯನ್ನೂ ಬರೆದಿಲ್ಲ. ನನ್ನವಲ್ಲದಿದ್ದರೆ ಅವು ಯಾರವೂ ಆಗುವುದು ಬೇಡ. ಮೆಲ್ಲಗೆ, ವಿನಯದಿಂದ ಹೇಳಿದೆ: "ಗಂಜಿಗೆ ಒಂದೀಟು ನೀಲಿ ಹಾಕಿದ್ರೆ ಬಿಳೇ ಜಾಗ ಎದ್ದು ಕಾಣ್ತೈತೆ ಚಿಕ್ಕಪ್ಪ."

"ನೋಡು, ಈಗ ಬುದ್ಧಿ ಮಾತಾಡ್ದೆ," ಎಂದ ಅವನು, ಸಂತೋಷದಿಂದ.

ಚಿಕ್ಕಮ್ಮ ನನ್ನನ್ನು ಒಂದು ಸಲ ನೋಡಿದಳು. ಗಂಜಿ ಕಾಯಿಸಿದಳು, ನೀಲಿ ಹಾಕಿದಳು. ನಿಜಾಮರ ನೋಟು, ರಾಜನ ನೋಟುಗಳು, ಕೊನೆಗೆ ಹಜ್ ನೋಟು, ಒಂದೊಂದಾಗಿ ಪಾತ್ರೆಯೊಳಗೆ ಮುಳುಗಿದವು. ನಾನು ಎದ್ದು ಹೋಗಲಿಲ್ಲ. ಕೂತು ನೋಡಿದೆ. ಇಸ್ತ್ರಿಯ ಕೆಳಗೆ ಹಬೆ ಏಳುವಾಗ ಮನೆಯೆಲ್ಲ ಒಗೆದ ಬಟ್ಟೆಯ ವಾಸನೆ. ನನಗೆ ಸಂಕಟವಾಯಿತು, ಹೌದು. ಅದರ ಮೇಲೆ ಇನ್ನೊಂದು ಇತ್ತು, ಅದು ಸಂಕಟವಲ್ಲ.

ಭಾನುವಾರ ರೈಲಿನಲ್ಲಿ ಹರಿಹರಕ್ಕೆ ಹೊರಟೆವು. ನನ್ನನ್ನೂ ಕರೆದುಕೊಂಡ. ಪ್ರೀತಿಯಿಂದಲ್ಲ, ಯಾವ ನೋಟು ಯಾವುದು ಎಂದು ಅವನಿಗೆ ಗೊತ್ತಿರಲಿಲ್ಲ. "ನನ್ನ ಹಿಂದೆ ಕೂಡ್ರು. ಅವರು ಏನಾರ ಕೇಳಿದ್ರೆ ಮೆಲ್ಲಕ ಹೇಳು, ಅವರಿಗೆ ಕೇಳ್ಬಾರ್ದು," ಎಂದು ದಾರಿಯುದ್ದಕ್ಕೂ ಪಾಠ ಹೇಳಿದ. ನಾನು ತಲೆಯಾಡಿಸಿದೆ.

ಅಧಿಕಾರಿಯ ಮನೆ ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ. ವರಾಂಡದಲ್ಲಿ ಬೆತ್ತದ ಕುರ್ಚಿಗಳು. "ಬರ್ರಿ, ಕೂಡ್ರಿ," ಎಂದರು. ನಮ್ಮ ಕಡೆಯ ಕನ್ನಡವನ್ನು ಕಷ್ಟಪಟ್ಟು ಕಲಿತಿದ್ದರು. ನನ್ನನ್ನು ನೋಡಿ, "ಇವರು?" ಎಂದು ಕೇಳಿದರು.

"ನಮ್ಮಣ್ಣನ ಮಗಳು ಸಾರ್. ಈಕಿಗೇನೂ ಗೊತ್ತಿಲ್ಲ, ರೈಲು ನೋಡಾಕೆ ಬಂದಾಳೆ."

ಅವರು ತಮ್ಮ ನೋಟುಗಳನ್ನು ಮೊದಲು ತೋರಿಸಿದರು. ಪ್ರತಿಯೊಂದೂ ತೆಳು ಕಾಗದದ ಒಳಗೆ. ಅದರಲ್ಲಿ ಎಷ್ಟೋ ನೋಟುಗಳು ನನ್ನವುಗಳಿಗಿಂತ ಸವೆದಿದ್ದವು. ಅಂಥವನ್ನು ಹೆಚ್ಚು ಜೋಪಾನದಿಂದ ಎತ್ತುತ್ತಿದ್ದರು. ಚಿಕ್ಕಪ್ಪ ಅದನ್ನು ಗಮನಿಸಲಿಲ್ಲ. ತನ್ನ ಸರದಿ ಬಂದ ಕೂಡಲೇ ಹರಿವಾಣದಲ್ಲಿ ಹೋಳಿಗೆ ಬಡಿಸುವವನ ಹಾಗೆ ಡಬ್ಬಿ ತೆರೆದ.

ಅಧಿಕಾರಿ ಮೇಲಿನ ನೋಟು ತೆಗೆದುಕೊಂಡರು. ಬೆರಳಲ್ಲಿ ಸವರಿದರು. ಮೂಗಿನ ಹತ್ತಿರ ಒಯ್ದರು. ಕಿವಿಯ ಪಕ್ಕ ಮೆಲ್ಲಗೆ ಅಲುಗಿಸಿದರು. ಅದು ಹಪ್ಪಳದ ಹಾಗೆ ಸದ್ದು ಮಾಡಿತು. "ಇದನ್ನು ಹೀಗೆ ಯಾರು ಮಾಡಿದರು?" ಎಂದು ಕೇಳಿದರು.

ಅವರ ದನಿಯಲ್ಲಿ ಇದ್ದದ್ದು ಮೆಚ್ಚುಗೆ ಎಂದೇ ಚಿಕ್ಕಪ್ಪ ತಿಳಿದ. ಹೊಗಳಿಕೆಯ ವಾಸನೆ ಬಂದರೆ ಅದಕ್ಕೆ ತನ್ನ ಹೆಸರು ಬರೆಯದೆ ಬಿಟ್ಟವನಲ್ಲ. "ನಾನೇ ಸಾರ್. ನಾನೇ ಮುಂದೆ ನಿಂತು ಮಾಡ್ಸಿದ್ದು. ಅಕ್ಕಿ ಗಂಜಿ. ಒಂದೀಟು ನೀಲಿ. ಹೆಂಗೈತೆ ನೋಡ್ರಿ, ಹೊಸಾ ನೋಟು ನಾಚಿಕೋಬೇಕು!"

"ಎಲ್ಲದಕ್ಕೂ?"

"ಒಂದನ್ನೂ ಬಿಟ್ಟಿಲ್ಲ ಸಾರ್."

ಅವರು ಡಬ್ಬಿಯೊಳಗಿನದನ್ನೆಲ್ಲ ಒಂದೊಂದಾಗಿ ನೋಡಿದರು. ಮುಖ ಸಣ್ಣದಾಗುತ್ತ ಬಂತು. ಹಜ್ ನೋಟು ಕೈಗೆ ಬಂದಾಗ ನಿಂತರು. ನೀಲಿ ನೋಟಿನ ಬಿಳಿ ಅಂಚಿಗೂ ನೀಲಿ ಏರಿತ್ತು. ಮಡಿಕೆಯಿದ್ದ ಜಾಗದಲ್ಲಿ ಇಸ್ತ್ರಿಯ ಹೊಳಪು. "ಇದು ಎಲ್ಲಿ ಸಿಕ್ಕಿತು?" ಎಂದರು.

ಚಿಕ್ಕಪ್ಪ ತಲೆಯನ್ನು ಸ್ವಲ್ಪ ಹಿಂದಕ್ಕೆ ವಾಲಿಸಿದ, ನನ್ನ ಬಾಯಿಯ ಹತ್ತಿರ ಅವನ ಕಿವಿ ಬರುವ ಹಾಗೆ. ನಾನು ಗೋಡೆಯ ಕ್ಯಾಲೆಂಡರ್ ನೋಡಿದೆ. ಅವನು ಕೆಮ್ಮಿದ. ನಾನು ಕ್ಯಾಲೆಂಡರನ್ನೇ ನೋಡಿದೆ.

"ಬೊಂಬಾಯಿಂದ ತರ್ಸಿದ್ದು ಸಾರ್," ಎಂದ ಕೊನೆಗೆ.

"ಇದನ್ನು ಆರಿಸಿ ಇಟ್ಟವರಿಗೆ ಕಣ್ಣಿತ್ತು," ಎಂದರು ಅಧಿಕಾರಿ. "ಆಮೇಲೆ ಕೆಟ್ಟ ಕೈಗೆ ಬಿತ್ತು. ಸಾವ್ಕಾರ್ರೆ, ಇವು ಈಗ ನೋಟಲ್ಲ. ನಡೆಯುವವನ್ನು ಖರ್ಚು ಮಾಡಿಬಿಡ್ರಿ. ಉಳಿದವನ್ನು ಏನು ಮಾಡುತ್ತೀರೋ ನನಗೆ ತಿಳಿಯದು."

ಚಿಕ್ಕಪ್ಪನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಕೂಡಲೇ ಬೆರಳು ನನ್ನ ಕಡೆ ತಿರುಗಿತು. "ನೀಲಿ ಹಾಕು ಅಂದಿದ್ದು ಈಕಿ ಸಾರ್! ಈಕಿ ಮಾತು ಕೇಳಿ—"

"ಇವರಿಗೆ ಏನೂ ಗೊತ್ತಿಲ್ಲ ಎಂದು ನೀವೇ ಹೇಳಿದಿರಲ್ಲ?"

ನಾನು ತಲೆ ತಗ್ಗಿಸಿ ಕೂತೆ, ಏನೂ ಗೊತ್ತಿಲ್ಲದವಳಂತೆ. ಜೀವನದಲ್ಲಿ ಅಷ್ಟು ರುಚಿಯಾದ ಮೌನವನ್ನು ನಾನು ಮತ್ತೆ ಉಂಡಿಲ್ಲ. ಕಣ್ಣಿತ್ತು ಎಂಬ ಆ ಒಂದು ಮಾತಿಗಾಗಿ ನಾನು ವರ್ಷಗಟ್ಟಲೆ ಕಾದಿದ್ದೆ. ಅವರು ಅದನ್ನು ಹೇಳಿದರು, ಚಿಕ್ಕಪ್ಪನ ಮುಖ ನೋಡಿಕೊಂಡು. ಆ ಕಣ್ಣು ನನ್ನದು ಎಂದು ಹೇಳಿದ್ದರೆ, ಗೊತ್ತಿದ್ದೂ ಹಾಳಾಗಲು ಬಿಟ್ಟವಳೂ ನಾನೇ ಎಂದು ಒಪ್ಪಬೇಕಾಗುತ್ತಿತ್ತು, ಅವನು ತಪ್ಪಿಸಿಕೊಳ್ಳುತ್ತಿದ್ದ. ಎರಡರಲ್ಲಿ ಒಂದನ್ನು ಆರಿಸಬೇಕಿತ್ತು. ಅವನು ತಪ್ಪಿಸಿಕೊಳ್ಳದಿರುವುದನ್ನು ಆರಿಸಿದೆ.

ವೇಸ್ಟಿನ ಮಾತನ್ನು ಎತ್ತಲು ಅವನಿಗೆ ಬಾಯಿ ಬರಲಿಲ್ಲ. ಚಹಾ ಬಂತು, ಕುಡಿದೆವು, ಎದ್ದೆವು. ರೈಲಿನಲ್ಲಿ ಡಬ್ಬಿಯನ್ನು ನನ್ನ ತೊಡೆಯ ಮೇಲೆ ಒಗೆದ. "ತಗಾ ನಿನ್ನ ನೋಟು," ಎಂದ. ಈಗ ಅವು ನನ್ನವಾದವು.

ನನಗೆ ಅಷ್ಟು ಸಾಲಲಿಲ್ಲ. ಮಾರನೆಯ ದಿನ ಸಾಹೇಬರು ಮೂಟೆ ಒಯ್ಯಲು ಬಂದಾಗ, ಚಿಕ್ಕಪ್ಪ ಇಲ್ಲದ ಸಮಯ ನೋಡಿ, ಹರಿಹರದ ಕಥೆಯನ್ನು ಅಭಿನಯಿಸಿ ತೋರಿಸಿದೆ. ಮೂಸಿ ನೋಡಿದ್ದು, ಹಪ್ಪಳದ ಸದ್ದು, 'ಹೊಸಾ ನೋಟು ನಾಚಿಕೋಬೇಕು', ಏನನ್ನೂ ಬಿಡಲಿಲ್ಲ. ಸಾಹೇಬರು ಮೂಟೆಗೆ ಒರಗಿ ಕಣ್ಣೀರು ಬರುವ ತನಕ ನಕ್ಕರು. "ಯಾ ಅಲ್ಲಾ, ಗಂಜಿ ಸಾವ್ಕಾರ!" ಎಂದರು. ಆಮೇಲೆ ನಗೆ ನಿಲ್ಲಿಸಿ, "ಅಮ್ಮೀಜಾನ್‌ದು ಆ ನೋಟು?" ಎಂದು ಕೇಳಿದರು.

"ಅದಕ್ಕೂ ಹಾಕಿದ್ರು."

ಅವರು ಹೆಗಲ ಮೇಲಿನ ವಸ್ತ್ರದಿಂದ ಮುಖ ಒರೆಸಿಕೊಂಡರು. "ಅಮ್ಮೀಗೆ ಹೇಳಾದು ಬ್ಯಾಡ ಬೇಟಿ," ಎಂದಷ್ಟೇ ಹೇಳಿ ಮೂಟೆ ಎತ್ತಿಸಿದರು.

ಹೆಸರು ಮಾತ್ರ ನಿಂತಿತು. ಸಂಜೆಯ ಹೊತ್ತಿಗೆ ಮಂಡಿಪೇಟೆಗೆಲ್ಲ ಅವನು ಗಂಜಿ ಸಾವ್ಕಾರ. "ಏನ್ರಿ, ಇವತ್ತು ಕಡಕ್ ಅದೀರಿ, ಗಂಜಿ ಹಾಕ್ಸಿಕೊಂಡ್ರೇನು?" ಎಂದು ಎದುರು ಅಂಗಡಿಯವರು ಕೂಗುತ್ತಿದ್ದರು. ಮುಂದಿನ ದೀಪಾವಳಿಗೆ ಒಬ್ಬರೂ ಚಿಕ್ಕಮ್ಮನ ಹತ್ತಿರ ನೋಟು ಕಳಿಸಲಿಲ್ಲ. ಅದನ್ನು ನಾನು ಯೋಚಿಸಿರಲಿಲ್ಲ. ಯೋಚಿಸಿದ್ದರೂ ನಿಲ್ಲಿಸುತ್ತಿದ್ದೆನೋ ಇಲ್ಲವೋ.

ಬಿ.ಎ. ಮುಗಿಸಿ ಧಾರವಾಡಕ್ಕೆ ಹೋದೆ. ಅಲ್ಲಿಯ ಗೆಳತಿಯರಿಗೆ ಈ ಕಥೆಯನ್ನು ಎಷ್ಟೋ ಸಲ ಹೇಳಿ ನಗಿಸಿದ್ದೇನೆ. ಪ್ರತಿ ಸಲವೂ ಅದರಲ್ಲಿ ಸೇಡು ತೀರಿಸಿಕೊಂಡವಳು ನಾನು. ಚಿಕ್ಕಮ್ಮ ಬರೀ ಕೈ. ಗಂಜಿ ಕಾಯಿಸುವ, ಇಸ್ತ್ರಿ ಎಳೆಯುವ ಕೈ.

ಅರವತ್ತರ ದಶಕ ಮುಗಿಯುತ್ತಿದ್ದಾಗ, ಕೆಲಸ ಸಿಕ್ಕ ಮೇಲೆ, ಒಮ್ಮೆ ದಾವಣಗೆರೆಗೆ ಹೋಗಿದ್ದೆ. ಚಿಕ್ಕಪ್ಪ ಕೆಳಗೆ ಅಂಗಡಿಯಲ್ಲಿದ್ದ. ಮೇಲೆ ಚಿಕ್ಕಮ್ಮ ಅವರೆಕಾಯಿ ಸುಲಿಯುತ್ತಿದ್ದಳು, ನಾನೂ ಕೂತೆ. ಬೀದಿಯಲ್ಲಿ ಯಾರೋ "ಓ ಗಂಜಿ ಸಾವ್ಕಾರ್ರೆ!" ಎಂದು ಕೂಗಿದ್ದು ಕೇಳಿಸಿತು. ಇಬ್ಬರೂ ನಕ್ಕೆವು.

"ಇನ್ನೂ ಬಿಟ್ಟಿಲ್ಲ ನೋಡು ಜನ," ಎಂದಳು. ಮತ್ತೆ, ಕಾಳು ಬಿಡಿಸುತ್ತಲೇ, "ಇಸ್ತ್ರಿ ಬಿದ್ರೆ ನೋಟು ಸಾಯ್ತಾವೆ ಅಂತ ನೀನು ಮೊದ್ಲೇ ಹೇಳಿದ್ದೆಯಲ್ಲ ನನಗೆ. ಮಾಳಿಗಿ ಮ್ಯಾಲೆ ಮೆಣಸಿನಕಾಯಿ ಒಣಗಾಕುವಾಗ. ಕಾಲೇಜಿನ್ಯಾಗೆ ಓದ್ದೆ ಅಂತ ಎಷ್ಟು ಖುಷಿಲಿಂದ ಹೇಳಿದ್ದೆ," ಎಂದಳು.

ನನಗೆ ಅಂಥದ್ದು ಏನೂ ನೆನಪಿಲ್ಲ. ಮಾಳಿಗೆ ನೆನಪಿದೆ, ಮೆಣಸಿನಕಾಯಿ ನೆನಪಿದೆ. ಓದಿದ್ದನ್ನೆಲ್ಲ ಹೇಳಿಕೊಳ್ಳಲು ಆ ಮನೆಯಲ್ಲಿ ನನಗೆ ಬೇರೆ ಯಾರೂ ಇರಲಿಲ್ಲ ಎಂಬುದೂ ನಿಜ. ಹೇಳಿರಬಹುದು. ಚಿಕ್ಕಮ್ಮ ಸುಳ್ಳು ಹೇಳುವವಳಲ್ಲ. ಆದರೆ ಹೇಳಿದ್ದೆನಾದರೆ, ಪಾತ್ರೆಗೆ ಗಂಜಿ ಸುರಿಯುವಾಗ ಅವಳಿಗೂ ಗೊತ್ತಿತ್ತು. ನನ್ನನ್ನು ಒಂದು ಸಲ ನೋಡಿದಳಲ್ಲ, ಆಗಲೂ ಗೊತ್ತಿತ್ತು. ಹಾಗಾದರೆ ಇಷ್ಟು ವರ್ಷ ನನ್ನದೆಂದು ಹೇಳಿಕೊಂಡು ತಿರುಗಿದ ಸೇಡು ಯಾರದು? ತನಗೆ ಎಂದೂ ಒಂದು ಒಳ್ಳೆಯ ಮಾತೂ ಆಡದ ಗಂಡನನ್ನು ಅವಳು ಹರಿಹರಕ್ಕೆ ಕಳಿಸಿ ನಗೆಪಾಟಲು ಮಾಡಿಸಿದಳೇ? ನಾನು ಬರೀ ನೀಲಿಯ ಚಿಟಿಕೆಯೇ? ಆಮೇಲೆ ಇನ್ನೊಂದು ಹೊಳೆಯಿತು, ಅದು ಇನ್ನೂ ಹಿತವಲ್ಲದ್ದು. ಅವಳು ರುಬ್ಬುತ್ತಿದ್ದ ವರ್ಷಗಳಲ್ಲೆಲ್ಲ ನಾನು ಪಕ್ಕದ ಕೋಣೆಯಲ್ಲಿ ಕಾಲು ಚಾಚಿ ನೋಟು ಆರಿಸುತ್ತಿದ್ದೆ. ಮುಳುಗಿದ ನೋಟುಗಳು ಚಿಕ್ಕಪ್ಪನವಲ್ಲ, ನನ್ನವು. ಅದು ಆ ಮನೆಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಗೊತ್ತಿದ್ದವಳು ಅವಳೇ.

ಯಾವುದೇ ಆಗಲಿ, ಸೇಡನ್ನು ಬಿಟ್ಟುಕೊಡಲು ನನಗೆ ಇಷ್ಟವಿರಲಿಲ್ಲ. ಅದಕ್ಕೇ ನೇರವಾಗಿ ಕೇಳಿದೆ. ಅವಳು ಸಿಪ್ಪೆಯನ್ನೆಲ್ಲ ಸೆರಗಿಗೆ ಬಳಿದುಕೊಂಡು ಎದ್ದು ಹೋದಳು. ಆಮೇಲೂ ಎಷ್ಟೋ ಸಲ ಭೇಟಿಯಾಗಿದ್ದೇವೆ, ಎದುರುಬದರು ಕೂತು ಉಂಡಿದ್ದೇವೆ, ಉತ್ತರ ಬಂದಿಲ್ಲ. ಕೇಳಿದ್ದು ಇಷ್ಟೇ:

"ಗೊತ್ತಿದ್ದೂ ಯಾಕ ಹಾಕ್ದೆ ಚಿಕ್ಕಮ್ಮ? ಅದು ಅವನ ಮ್ಯಾಲಿನ ಸಿಟ್ಟಾ, ನನ್ನ ಮ್ಯಾಲಿಂದಾ?"